ಮುಂಬಯಿ ಗಾಳಿಯಲ್ಲಿ ಇಷ್ಟು ನೀರಿದೆ, ಮುಖ ಯಾಕೆ ಬಿಗಿಯುತ್ತೆ? ಗ್ಲಿಸರಿನ್, ಹೈಲುರಾನಿಕ್, ಸೆರಮೈಡ್: ಯಾರಿಗೆ ಯಾವುದು

ಈ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಲೆಕ್ಕಗಳನ್ನು ಓಡಿಸಿಬಿಟ್ಟಿದ್ದೆ, ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಮೊದಲೇ ಒಂದು ಮಾತು: ನಾನು ಎಂ.ಟೆಕ್ ಮಾಡಿದ ಸಾಫ್ಟ್‌ವೇರ್ ಎಂಜಿನಿಯರ್, ಚರ್ಮವೈದ್ಯ ಅಲ್ಲ. ಔಷಧ ಹೇಳೋದು ನನ್ನ ಕೆಲಸವಲ್ಲ. ಆದರೆ ಸೀರಮ್ ಬಾಟಲಿಯ ಹಿಂದೆ ಬರೆದಿರೋದನ್ನ ಓದೋಕೆ, ಗಾಳಿಯಲ್ಲಿರೋ ನೀರನ್ನ ಲೆಕ್ಕ ಹಾಕೋಕೆ ವೈದ್ಯಕೀಯ ಪದವಿ ಬೇಕಾಗಿಲ್ಲ.

ಐರೋಲಿ, ಪವಯಿ, ಗೋರೆಗಾಂವ್, ಬಿಕೆಸಿ ಕಡೆ ಕೆಲಸ ಮಾಡೋ ನಮ್ಮವರು ತುಂಬ ಜನ ಕೇಳಿದ ಪ್ರಶ್ನೆ ಒಂದೇ. "ನನ್ನ ಮುಖ ಜಿಡ್ಡು. ಮುಂಬಯಿ ಬೇರೆ, ವರ್ಷಪೂರ್ತಿ ಬೆವರು. ನನಗೆ ಮಾಯಿಶ್ಚರೈಸರ್ ಯಾಕೆ ಬೇಕು? ಆದರೂ ಸಂಜೆ ನಾಲ್ಕಕ್ಕೆ ಕೆನ್ನೆ ಬಿಗಿದಂಗಾಗುತ್ತೆ, ಮೂಗಿನ ಪಕ್ಕ ಪುಡಿ ಏಳುತ್ತೆ, ಹಣೆ ಮಾತ್ರ ಹೊಳೀತಿರುತ್ತೆ. ಇದು ಆಯ್ಲಿ ಸ್ಕಿನ್ನಾ ಡ್ರೈ ಸ್ಕಿನ್ನಾ?"

ಎರಡೂ ಹೌದು. ನೀವು ಹತ್ತು ಗಂಟೆ ಕೂರೋ ಜಾಗದಲ್ಲಿರೋದು ಮುಂಬಯಿ ಗಾಳಿಯೇ ಅಲ್ಲ. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಡೆಸ್ಕ್ ಇರೋದು ಕಲಬುರಗಿಯಲ್ಲಿ

ಹವಾಮಾನ ಆ್ಯಪ್ ತೋರಿಸೋ ಶೇಕಡಾವಾರು ಆರ್ದ್ರತೆ ಸ್ವಲ್ಪ ಮೋಸದ ಸಂಖ್ಯೆ. ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲಷ್ಟರಲ್ಲಿ ಎಷ್ಟು ಪಾಲು ಹಿಡಿದಿದೆ ಅನ್ನೋದನ್ನಷ್ಟೇ ಅದು ಹೇಳುತ್ತೆ. ಚರ್ಮದಿಂದ ನೀರು ಎಷ್ಟು ಜೋರಾಗಿ ಹೊರಗೆ ಹೋಗುತ್ತೆ ಅಂತ ತಿಳಿಯಬೇಕಾದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಗ್ರಾಂ ನೀರಾವಿ ಇದೆ ಅಂತ ನೋಡಬೇಕು.

ಜುಲೈ ತಿಂಗಳ ಮುಂಬಯಿ ರಸ್ತೆ: 30 ಡಿಗ್ರಿ, 80% ಆರ್ದ್ರತೆ ಅಂತಿಟ್ಕೊಳ್ಳಿ. ಘನ ಮೀಟರಿಗೆ ಸುಮಾರು 24 ಗ್ರಾಂ ನೀರು. ಈಗ ಆಫೀಸಿನ ಒಳಗೆ ಬನ್ನಿ. ಎಸಿ ಕಾಯ್ಲ್ ಮೇಲೆ ಗಾಳಿಯ ನೀರು ಇಬ್ಬನಿಯಾಗಿ ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತೆ. ಕಿಟಕಿ ಎಸಿಯಿಂದ ಫುಟ್‌ಪಾತ್ ಮೇಲೆ ತೊಟ್ಟಿಕ್ಕೋ ನೀರು ಇದೇ. ಒಳಗೆ 24 ಡಿಗ್ರಿ, 50% ಅಂದರೆ ಸುಮಾರು 11 ಗ್ರಾಂ. ಅರ್ಧಕ್ಕಿಂತ ಹೆಚ್ಚು ನೀರು ಬಾಗಿಲಲ್ಲೇ ಕಳೆದುಹೋಯ್ತು.

ಹೋಲಿಕೆಗೆ ಏಪ್ರಿಲ್‌ನ ಕಲಬುರಗಿ ಮಧ್ಯಾಹ್ನ ತಗೊಳ್ಳಿ: 40 ಡಿಗ್ರಿ, 20%. ಸುಮಾರು 10 ಗ್ರಾಂ. ಐರೋಲಿಯ ನಿಮ್ಮ ಡೆಸ್ಕಿಗೂ ಕಲಬುರಗಿಯ ಬಿಸಿಲಿಗೂ ನೀರಿನ ಲೆಕ್ಕದಲ್ಲಿ ಒಂದೇ ಗ್ರಾಂ ವ್ಯತ್ಯಾಸ! ಸೆಕೆ ಇಲ್ಲ ಅನ್ನೋದೊಂದೇ ಸುಖ.

ಮುಖದ ಚರ್ಮದ ಮೇಲ್ಮೈ ಸುಮಾರು 32 ಡಿಗ್ರಿ ಇರುತ್ತೆ. ಆ ಉಷ್ಣಾಂಶದಲ್ಲಿ ಗಾಳಿ ತುಂಬಿ ತುಳುಕಬೇಕಾದರೆ 34 ಗ್ರಾಂ ನೀರು ಬೇಕು. ಹೊರಗೆ 24 ಇದೆ, ಅಂತರ 10. ಒಳಗೆ 11 ಇದೆ, ಅಂತರ 23. ಈ ಅಂತರವೇ ನೀರನ್ನು ಹೊರಗೆ ಎಳೆಯೋ ಪಂಪು. ಆಫೀಸಿನಲ್ಲಿ ಆ ಪಂಪು ರಸ್ತೆಗಿಂತ ಎರಡು ಪಟ್ಟಿಗೂ ಜೋರಾಗಿ ಓಡ್ತಿರುತ್ತೆ. ಮೇಲೆ ಎಸಿ ವೆಂಟ್ ನೇರ ಮುಖಕ್ಕೆ ಬಡೀತಿದ್ದರೆ ಇನ್ನೂ ಕೆಟ್ಟದು. ನಾನು ನನ್ನ ಡೆಸ್ಕ್ ಮೇಲೆ ಒಂದು ಸಣ್ಣ ಆರ್ದ್ರತೆ ಮಾಪಕ ಇಟ್ಟಿದ್ದೇನೆ, ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಭಾರೀ ಮಳೆ ದಿನವೂ ಅದು 50 ದಾಟೋದು ಕಡಿಮೆ. ಸೀರಮ್ ಕೊಳ್ಳೋ ಮೊದಲು ಇದನ್ನ ಕೊಳ್ಳಿ ಅಂತ ನಾನು ಹೇಳೋದು ತಮಾಷೆಗಲ್ಲ.

ಈಗ ಎಸಿ ಲೋಕಲ್ ಕೂಡ ಇದೆ. 2017ರ ಡಿಸೆಂಬರ್ 25ಕ್ಕೆ ಪಶ್ಚಿಮ ಲೈನಿನಲ್ಲಿ ಮೊದಲನೆಯದು ಓಡ್ತು. ಎಸಿ ಲೋಕಲ್, ಎಸಿ ಕ್ಯಾಬ್, ಎಸಿ ಆಫೀಸು, ಎಸಿ ಬೆಡ್‌ರೂಮು ಅಂತ ಬದುಕೋರು ಮುಂಬಯಿಯಲ್ಲಿದ್ದೂ ಮುಂಬಯಿ ಹವೆಯಲ್ಲಿ ದಿನಕ್ಕೆ ಒಂದು ಗಂಟೆ ಇದ್ದರೆ ಹೆಚ್ಚು. ಡೊಂಬಿವಲಿಯಿಂದ ಸೆಕೆಂಡ್ ಕ್ಲಾಸಿನಲ್ಲಿ ನಿಂತು ಬರೋರಿಗೆ, ಮನೇಲಿ ಫ್ಯಾನ್ ಅಷ್ಟೇ ಇರೋರಿಗೆ ಲೆಕ್ಕ ಬೇರೆ. ಒಂದೇ ಊರು, ಒಂದೇ ತರದ ಚರ್ಮ. ಬೇಕಾಗೋ ಕ್ರೀಮ್ ಬೇರೆ.

ನೀರು ಬೇರೆ, ಎಣ್ಣೆ ಬೇರೆ

ಚರ್ಮದ ಅತಿ ಹೊರಗಿನ ಪದರ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ದಪ್ಪ, ಅಷ್ಟೇ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ ಅಂತ ಪಠ್ಯಪುಸ್ತಕಗಳಲ್ಲಿ ಹೋಲಿಸ್ತಾರೆ, ಒಳ್ಳೇ ಹೋಲಿಕೆ. ಇಟ್ಟಿಗೆಯೊಳಗೆ ನೀರನ್ನ ಹಿಡಿದಿಡೋ ಸಣ್ಣ ಅಣುಗಳಿರುತ್ವೆ: ಅಮೈನೊ ಆಮ್ಲ, ಯೂರಿಯ, ಲ್ಯಾಕ್ಟೇಟ್ ಇತ್ಯಾದಿ. ಗಾರೆಯಲ್ಲಿ ಸುಮಾರು ಅರ್ಧ ಭಾಗ ಸೆರಮೈಡ್, ಕಾಲು ಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲ.

ಇವೆರಡಕ್ಕೂ ಸಂಬಂಧವಿಲ್ಲದ ಇನ್ನೊಂದಿದೆ. ಕೂದಲ ಬುಡದ ಗ್ರಂಥಿಯಿಂದ ಬರೋ ಜಿಡ್ಡು, ಸೀಬಮ್. ಇದು ಎಷ್ಟು ಬರುತ್ತೆ ಅನ್ನೋದನ್ನ ಬಹುಪಾಲು ಹಾರ್ಮೋನು, ವಂಶ, ವಯಸ್ಸು ನಿರ್ಧರಿಸ್ತವೆ. ಹಣೆ ಜಿಡ್ಡಾಗಿರೋದಕ್ಕೂ ಇಟ್ಟಿಗೆಯೊಳಗೆ ನೀರಿರೋದಕ್ಕೂ ಗಂಟು ಹಾಕಬೇಡಿ. "ಆಯ್ಲಿ" ಅಂತ ನೀವು ಕರೆಯೋದು ಗ್ರಂಥಿಯ ಸ್ವಭಾವ. "ಬಿಗಿತ" ಅನ್ನೋದು ನೀರಿನ ಸ್ಥಿತಿ. ಮೊದಲನೆಯದು ಸುಲಭಕ್ಕೆ ಬದಲಾಗೋದಿಲ್ಲ, ಎರಡನೆಯದು ಬೆಳಿಗ್ಗೆಯಿಂದ ಸಂಜೆಗೇ ಬದಲಾಗುತ್ತೆ.

ಹಾವೇರಿ ಕಡೆಯ ನನ್ನ ಸಹೋದ್ಯೋಗಿಯೊಬ್ಬ ಮೊದಲಿಂದ ಜಿಡ್ಡು ಮುಖದವನು. ಮುಂಬಯಿಗೆ ಬಂದಮೇಲೆ ಫೇಸ್‌ವಾಶ್ ದಿನಕ್ಕೆ ನಾಲ್ಕು ಸಲ. ತೊಳೆದಷ್ಟೂ ಬಿಗಿತ, ಬಿಗಿತಕ್ಕೆ ಒಂದು ಸೀರಮ್, ಸೀರಮಿನ ಅಂಟಿಗೆ ಮತ್ತೆ ತೊಳೆಯೋದು. ಇದಕ್ಕೆ ನೀರೂ ಕಾರಣ ಅನ್ನೋದು ನನ್ನ ಅಂದಾಜು. ಬೆಂಗಳೂರಿನ ಮಹದೇವಪುರ, ವೈಟ್‌ಫೀಲ್ಡ್ ಕಡೆ ಬೋರ್‌ವೆಲ್ ಟ್ಯಾಂಕರ್ ನೀರಿನ ಗಡಸಿಗೆ ಸೋಪು ನೊರೆಯೇ ಬರಲ್ಲ. ಜನ ಹೆಚ್ಚು ಹಚ್ಚಿ ಅಭ್ಯಾಸ ಮಾಡ್ಕೊಂಡಿರ್ತಾರೆ. ಮುಂಬಯಿಗೆ ಬರೋದು ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಮಳೆನೀರು, ಮೆದು ನೀರು. ಅಷ್ಟೇ ಫೇಸ್‌ವಾಶ್‌ಗೆ ಇಲ್ಲಿ ಎರಡು ಪಟ್ಟು ನೊರೆ. ಅರ್ಧ ಹನಿ ಸಾಕು. ನಿಮ್ಮ ಸೊಸೈಟಿ ಟ್ಯಾಂಕರ್ ನೀರಿನ ಮೇಲೆ ನಿಂತಿದ್ದರೆ ಮಾತ್ರ ಈ ಮಾತು ಬಿಟ್ಟುಬಿಡಿ.

ನಿಮ್ಮದು ಯಾವ ತರ ಅಂತ ತಿಳಿಯೋಕೆ ಒಂದು ಸಣ್ಣ ಪರೀಕ್ಷೆ. ಭಾನುವಾರ ಎಸಿ ಹಾಕದೆ, ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಟ್ಟು ಟಿಶ್ಯೂ ಒತ್ತಿ ನೋಡಿ. ಸೋಮವಾರ ಆಫೀಸಿನಲ್ಲಿ ಅದನ್ನೇ ಮಾಡಿ. ಎರಡೂ ಕಡೆ ಬಿಗಿತ, ಟಿಶ್ಯೂ ಮೇಲೆ ಕಲೆ ಇಲ್ಲ ಅಂದ್ರೆ ಒಣ ಚರ್ಮ. ಎರಡೂ ಕಡೆ ಜಿಡ್ಡಿನ ಕಲೆ, ಬಿಗಿತವಿಲ್ಲ ಅಂದ್ರೆ ಬರೀ ಜಿಡ್ಡು ಚರ್ಮ. ಮನೇಲಿ ಆರಾಮ, ಆಫೀಸಿನಲ್ಲಿ ಹೊಳಪೂ ಬಿಗಿತವೂ ಒಟ್ಟಿಗೇ ಇದ್ದರೆ ಅದು ನೀರು ಕಳೆದುಕೊಂಡ ಜಿಡ್ಡು ಚರ್ಮ. ನನಗೆ ಗೊತ್ತಿರೋ ಐಟಿ ಮಂದಿಯಲ್ಲಿ ಮೂರನೆಯವರೇ ಜಾಸ್ತಿ, ಮಾಯಿಶ್ಚರೈಸರ್ ಬೇಡ ಅಂತ ವಾದ ಮಾಡೋರೂ ಅವರೇ.

ಗ್ಲಿಸರಿನ್ ವರ್ಸಸ್ ಹೈಲುರಾನಿಕ್ ಆಸಿಡ್

ನೀರನ್ನ ಎಳೆದು ಹಿಡಿಯೋ ಪದಾರ್ಥಗಳಲ್ಲಿ ಇವೆರಡೇ ಮುಖ್ಯ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಳಿಗಾಲಕ್ಕೆ ಗುಲಾಬಿ ಜಲದ ಜೊತೆ ಗ್ಲಿಸರಿನ್ ಕಲಸಿ ಅಜ್ಜಿಯರು ಹಚ್ಚುತ್ತಿದ್ದರಲ್ಲ, ಅದೇ ಗ್ಲಿಸರಿನ್. ಸ್ವೀಡನ್ನಿನ ಷೀಲೆ 18ನೇ ಶತಮಾನದಲ್ಲೇ ಕಂಡುಹಿಡಿದ ಪದಾರ್ಥ. ಹೈಲುರಾನಿಕ್ ಆಸಿಡ್ಡನ್ನು 1934ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್, ಜಾನ್ ಪಾಮರ್ ದನದ ಕಣ್ಣಿನಿಂದ ಬೇರ್ಪಡಿಸಿದರು. ಈಗ ಹೆಚ್ಚಿನದನ್ನು ಬ್ಯಾಕ್ಟೀರಿಯಾ ಬೆಳೆಸಿ ಹುದುಗಿಸಿ ತೆಗೀತಾರೆ.

ಗಾತ್ರದಲ್ಲಿ ಇವೆರಡೂ ಅಜಗಜಾಂತರ. ಗ್ಲಿಸರಿನ್ ಅಣುತೂಕ 92. ಹೈಲುರಾನಿಕ್ ಲಕ್ಷಗಳಲ್ಲಿ, ಕೆಲವೊಮ್ಮೆ ಹತ್ತು ಲಕ್ಷ ದಾಟುತ್ತೆ. ಅಣುತೂಕ 500 ದಾಟಿದ್ದು ಆರೋಗ್ಯವಂತ ಚರ್ಮದೊಳಗೆ ಇಳಿಯೋದು ಕಷ್ಟ ಅನ್ನೋದು ಚರ್ಮಶಾಸ್ತ್ರದ ಒಂದು ಹೆಬ್ಬೆರಳ ನಿಯಮ. ಅಂದರೆ ಸಾಧಾರಣ ಹೈಲುರಾನಿಕ್ ಮೇಲ್ಮೈಯಲ್ಲೇ ತೆಳ್ಳಗಿನ ಪೊರೆಯಾಗಿ ಕೂರುತ್ತೆ. ಗ್ಲಿಸರಿನ್ ಒಳಗಿಳಿಯುತ್ತೆ, ಕೆಳಗಿನ ಜೀವಂತ ಪದರಗಳಲ್ಲಿ ಅದನ್ನ ಸಾಗಿಸೋಕೆಂದೇ ಅಕ್ವಾಪೋರಿನ್-3 ಅನ್ನೋ ಬಾಗಿಲಿದೆ. ಈ ಅಕ್ವಾಪೋರಿನ್ ಕುಟುಂಬದ ಶೋಧಕ್ಕೇ ಪೀಟರ್ ಆಗ್ರೆ 2003ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡದ್ದು. ಈ ಬಾಗಿಲು ಇಲ್ಲದಂತೆ ಮಾಡಿದ ಇಲಿಗಳ ಚರ್ಮ ಒಣಗಿತ್ತು, ಗ್ಲಿಸರಿನ್ ಕೊಟ್ಟಾಗ ಸರಿಹೋಯ್ತು. ಅಗ್ಗದ ಪದಾರ್ಥಕ್ಕೆ ಇಷ್ಟು ಗಟ್ಟಿ ವಿಜ್ಞಾನ ಇರೋದು ಜಾಹೀರಾತು ಕಂಪನಿಗಳಿಗೆ ಉಪಯೋಗಕ್ಕೆ ಬರಲ್ಲ, ಅದಕ್ಕೇ ಯಾರೂ ಹೇಳಲ್ಲ.

"ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತೆ" ಅಂತ ಹೈಲುರಾನಿಕ್ ಬಾಟಲಿ ಮೇಲೆ ಓದಿರ್ತೀರಿ. ಒಂದು ಗ್ರಾಂ ಪುಡಿಯನ್ನ ಒಂದು ಲೀಟರ್ ನೀರಿಗೆ ಹಾಕಿದರೆ ಆ ನೀರೆಲ್ಲ ಗಂಜಿಯ ಹಾಗೆ ಮಂದವಾಗುತ್ತೆ, ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಅದು ಗಾಳಿಯಿಂದ ಲೀಟರ್ ನೀರು ಎಳೆದು ನಿಮ್ಮ ಕೆನ್ನೆಗೆ ತುಂಬಲ್ಲ. ಆ ನೀರು ಬಾಟಲಿಯಲ್ಲೇ ಇದೆ, ನೀವು ದುಡ್ಡು ಕೊಟ್ಟದ್ದೂ ಬಹುಪಾಲು ಅದಕ್ಕೇ.

ಗ್ಲಿಸರಿನ್ ಎಷ್ಟು ಹಿಡಿಯುತ್ತೆ ಅನ್ನೋದಕ್ಕೆ ಲೆಕ್ಕ ಇದೆ. 80% ಆರ್ದ್ರತೆಯಲ್ಲಿ ಹತ್ತು ಗ್ರಾಂ ಗ್ಲಿಸರಿನ್ ತೆರೆದಿಟ್ಟರೆ ಕೊನೆಗೆ ಸುಮಾರು ಹತ್ತು ಗ್ರಾಂ ನೀರು ಹಿಡಿದು ನಿಲ್ಲುತ್ತೆ. 50% ಆರ್ದ್ರತೆಯಲ್ಲಿ ಎರಡೂವರೆ ಗ್ರಾಂ ಚಿಲ್ಲರೆ ಅಷ್ಟೇ. ಸ್ಟೇಷನ್ನಿನಿಂದ ನಡೆದು ಬಂದು ಆಫೀಸಿನ ಗಾಜಿನ ಬಾಗಿಲು ದಾಟಿದಿರಿ ಅಂದ್ರೆ, ಮುಖದ ಮೇಲಿನ ಗ್ಲಿಸರಿನ್ ಹಿಡಿದಿದ್ದ ನೀರಿನಲ್ಲಿ ಮುಕ್ಕಾಲು ಪಾಲನ್ನು ಬಿಟ್ಟುಕೊಡೋಕೆ ಶುರು ಮಾಡುತ್ತೆ. ಹೈಲುರಾನಿಕ್ ಕೂಡ ಈ ನಿಯಮದಿಂದ ತಪ್ಪಿಸಿಕೊಳ್ಳಲ್ಲ. ಹಾಗಾಗಿ ಬರೀ ಎಳೆಯೋ ಪದಾರ್ಥ ಹಚ್ಚಿ ಎಸಿಯಲ್ಲಿ ಕೂತರೆ ಸಾಲದು, ಮೇಲೆ ಮುಚ್ಚಳ ಬೇಕು. ಮುಂಬಯಿ ರಸ್ತೆಯಲ್ಲೇ ದಿನ ಕಳೆಯೋರಿಗೆ ಮುಚ್ಚಳ ಬೇಕಾಗಿಲ್ಲ, ಊರೇ ಮುಚ್ಚಳ.

ಹಾಗಾದ್ರೆ ಹೈಲುರಾನಿಕ್ ದಂಡವಾ? ಅಲ್ಲ. ಗ್ಲಿಸರಿನ್ ಜಾಸ್ತಿಯಾದರೆ ಅಂಟಂಟು, ಬೆವರಿನ ಜೊತೆ ಸೇರಿ ಹಿಂಸೆ. ಹೈಲುರಾನಿಕ್ ಜೆಲ್ ಒಣಗಿದ ಮೇಲೆ ಏನೂ ಹಚ್ಚಿಲ್ಲ ಅನ್ನಿಸುತ್ತೆ. ದಿನಾ ಹಚ್ಚೋ ವಸ್ತುವಿಗೆ ಈ ಗುಣ ಚಿಕ್ಕದಲ್ಲ. ಅಂಟು ಅಂತ ಬಚ್ಚಲಲ್ಲಿ ಬಿಟ್ಟ ಕ್ರೀಮ್ ಎಷ್ಟು ಒಳ್ಳೇದಿದ್ದರೇನು. ನನ್ನ ಅಭಿಪ್ರಾಯ: ಜಿಡ್ಡು ಮುಖದವರು ಎರಡೂ ಇರೋ ಹಗುರ ಜೆಲ್ ತಗೊಳ್ಳಿ, ಬರೀ ಹೈಲುರಾನಿಕ್ ಹೆಸರಿನ 30 ಎಂಎಲ್ ಸೀರಮಿಗೆ ಐನೂರು-ಆರುನೂರು ಕೊಡಬೇಡಿ.

ಮನೆಯಲ್ಲೇ ಮಾಡ್ತೀನಿ ಅನ್ನೋರಿಗೆ: ಒಂದು ಚಮಚ ಗ್ಲಿಸರಿನ್‌ಗೆ ಹತ್ತರಿಂದ ಹನ್ನೆರಡು ಚಮಚ ಗುಲಾಬಿ ಜಲ. ನೇರ ಗ್ಲಿಸರಿನ್ ಹಚ್ಚಬೇಡಿ, ಅದು ಚರ್ಮದ ನೀರನ್ನೇ ಎಳೆದು ಉರಿ ತರಬಹುದು. ಇದರಲ್ಲಿ ಸಂರಕ್ಷಕ ಇಲ್ಲ, ಆದ್ದರಿಂದ ನಾಲ್ಕೈದು ದಿನಕ್ಕಾಗುವಷ್ಟೇ ಮಾಡಿ, ಫ್ರಿಜ್ಜಿನಲ್ಲಿಡಿ.

ಮುಚ್ಚಳ ಯಾವುದು?

ಅತಿ ಬಿಗಿ ಮುಚ್ಚಳ ಪೆಟ್ರೋಲಿಯಂ ಜೆಲ್ಲಿ. ಚೀಸ್‌ಬ್ರೋ ಅನ್ನೋನು 1872ರಲ್ಲಿ ಪೇಟೆಂಟ್ ತಗೊಂಡದ್ದು, ಇವತ್ತಿಗೂ ನೀರು ತಡೆಯೋದರಲ್ಲಿ ಅದನ್ನ ಮೀರಿಸಿದ್ದು ಕಡಿಮೆ. ತುಟಿಗೆ, ಹಿಮ್ಮಡಿಗೆ, ತೀರಾ ಒಣ ಚರ್ಮದವರಿಗೆ ರಾತ್ರಿ ಮುಖಕ್ಕೂ ತೆಳ್ಳಗೆ ಸರಿ. ಮೇ ತಿಂಗಳಲ್ಲಿ ಹಗಲು ಹಚ್ಚಿ ಲೋಕಲ್ ಹತ್ತಿದಿರೋ, ದೇವರೇ ಕಾಪಾಡಬೇಕು.

ಹಗಲಿಗೆ ಡೈಮಿಥಿಕೋನ್ ಒಳ್ಳೇದು. ಸಿಲಿಕೋನ್ ಅಂದ ತಕ್ಷಣ ಹೆದರೋರಿದ್ದಾರೆ, ಕಾರಣವಿಲ್ಲ. ಹಗುರ, ಅಂಟಲ್ಲ, ರಂಧ್ರ ಮುಚ್ಚೋದೂ ಕಡಿಮೆ. ಸೆರಮೈಡ್ ಮುಚ್ಚಳಕ್ಕಿಂತ ಹೆಚ್ಚಾಗಿ ಗಾರೆ ರಿಪೇರಿ. ಒಣ ಚರ್ಮದವರು, ಅಟೋಪಿಕ್ ಎಕ್ಸಿಮಾ ಇರೋರು, ತೊಳೆದು ತೊಳೆದು ಚರ್ಮ ಕೆಡಿಸಿಕೊಂಡೋರು ದುಡ್ಡು ಹಾಕೋದಿದ್ದರೆ ಇದಕ್ಕೆ ಹಾಕಿ. ನಯಾಸಿನಮೈಡ್ ಚರ್ಮವೇ ಸೆರಮೈಡ್ ತಯಾರಿಸೋಕೆ ನೆರವಾಗುತ್ತೆ, ಜಿಡ್ಡು ಮುಖಕ್ಕೂ ಒಗ್ಗುತ್ತೆ, ಹೆಚ್ಚಿನವರಿಗೆ 4-5% ಸಾಕು.

ಕರಾವಳಿಯವರು ಕೇಳೇ ಕೇಳ್ತಾರೆ: ತೆಂಗಿನೆಣ್ಣೆ? ಮೈಗೆ, ಕೈಕಾಲಿಗೆ ಧಾರಾಳವಾಗಿ. ಮೊಡವೆ ಮುಖಕ್ಕೆ ಬೇಡ. ರಂಧ್ರ ಮುಚ್ಚುತ್ತೆ, ಜೊತೆಗೆ ಚರ್ಮದ ಮೇಲಿರೋ ಮಲಸೀಜಿಯ ಅನ್ನೋ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಊಟ. ಮುಂಬಯಿ ಬೆವರಿನಲ್ಲಿ ಹಣೆ, ಬೆನ್ನ ಮೇಲೆ ಒಂದೇ ಗಾತ್ರದ ಸಣ್ಣ ತುರಿಕೆ ಗುಳ್ಳೆ ಎದ್ದರೆ ಅನುಮಾನ ಮೊದಲು ಅದರ ಮೇಲೇ. ಬಯಲುಸೀಮೆಯವರ ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ, ಮೈಗೆ ಅದೂ ಚೆನ್ನ. ನಮ್ಮೂರಿನ ಎಣ್ಣೆ ಅಂತ ಸ್ವಲ್ಪ ಪಕ್ಷಪಾತವೂ ಇರಬಹುದು.

ಯೂರಿಯ 5-10% ನೀರು ಹಿಡಿಯುತ್ತೆ, 20% ಮೇಲೆ ಸತ್ತ ಪದರ ಸಡಿಲಿಸುತ್ತೆ. ಹಿಮ್ಮಡಿ, ಮೊಣಕೈಗೆ ರಾಜ. ಒಡೆದು ರಕ್ತ ಬಂದಲ್ಲಿ ಮಾತ್ರ ಹಚ್ಚಬೇಡಿ, ಚುರ್ ಅನ್ನುತ್ತೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಗೆ ಯಾವ ಕ್ರೀಮೂ ಬೇಡ, ಒರೆಸಿ ಒಣಗಿಸಿ. ಏನು ಹಚ್ಚಿದರೂ ಉರಿಯೋ ಸೂಕ್ಷ್ಮ ಚರ್ಮದವರು ಸುವಾಸನೆ ಇಲ್ಲದ, ಪ್ಯಾಂಥೆನಾಲ್, ಗ್ಲಿಸರಿನ್ ಇರೋ ಚಿಕ್ಕ ಪಟ್ಟಿಯ ಕ್ರೀಮ್ ನೋಡಿ. ಹೊಸದು ಯಾವುದೇ ಇರಲಿ, ಮೊದಲು ಮೂರ್ನಾಲ್ಕು ದಿನ ಕಿವಿಯ ಹಿಂದೆ ಹಚ್ಚಿ ನೋಡಿ.

ಲೇಬಲ್ ಡೀಬಗ್ ಮಾಡೋದು

ನಮ್ಮ ಮಂದಿಗೆ ಇಷ್ಟವಾಗೋ ಭಾಗ. ಭಾರತದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ 1%ಕ್ಕಿಂತ ಹೆಚ್ಚಿರೋ ಪದಾರ್ಥಗಳನ್ನ ಇಳಿಕೆ ಕ್ರಮದಲ್ಲಿ ಬರೀಬೇಕು, 1% ಮತ್ತು ಅದರ ಕೆಳಗಿನವನ್ನ ಆಮೇಲೆ ಹೇಗೆ ಬೇಕೋ ಹಾಗೆ. ಶೇಕಡಾ ಬರೆದಿರಲ್ಲ, ಆದರೂ ಆ 1% ಗೆರೆ ಸುಮಾರಾಗಿ ಎಲ್ಲಿದೆ ಅಂತ ಹಿಡೀಬಹುದು. ಫಿನಾಕ್ಸಿಎಥನಾಲ್ ಅನ್ನೋ ಸಂರಕ್ಷಕ ಹುಡುಕಿ. ಅದನ್ನ 1%ಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. ಅಂದರೆ ಅದರ ನಂತರ ಬರೆದಿರೋದೆಲ್ಲ 1% ಅಥವಾ ಕಡಿಮೆ.

ಗ್ಲಿಸರಿನ್, ಯೂರಿಯ ಈ ಗೆರೆಯ ಮೇಲೆ, ಮೊದಲ ನಾಲ್ಕೈದರಲ್ಲಿ ಇರಬೇಕು. ಹೈಲುರಾನಿಕ್ ಅಂದ್ರೆ ಲೇಬಲ್ ಭಾಷೆಯಲ್ಲಿ ಸೋಡಿಯಂ ಹೈಲುರೊನೇಟ್. ಅದೂ ಸೆರಮೈಡೂ ಗೆರೆಯ ಕೆಳಗಿದ್ದರೆ ಮೋಸ ಅಂತಲ್ಲ, ಅವನ್ನ ಸಾಮಾನ್ಯವಾಗಿ ಹಾಕೋದೇ ಅಷ್ಟು. ಅಲೋವೆರಾ, ಕೇಸರಿ, ಜೇನು ಅಂತ ಮುಂದೆ ದೊಡ್ಡ ಚಿತ್ರ ಹಾಕಿ ಹಿಂದೆ ಗೆರೆಯ ಕೆಳಗೆ ಸೇರಿಸಿರೋದನ್ನ ನೋಡಿದಾಗ ಮಾತ್ರ ನಕ್ಕು ವಾಪಸ್ ಇಡಿ. ಹೀಗೆ ಓದೋಕೆ ಶುರು ಮಾಡಿದರೆ ಇನ್ನೂರು ರೂಪಾಯಿಯ ಲೋಷನ್ನಿಗೂ ಸಾವಿರದ ಕ್ರೀಮಿಗೂ ಮೊದಲ ಆರು ಹೆಸರು ಒಂದೇ ಅನ್ನೋದು ಎಷ್ಟೋ ಸಲ ಕಾಣುತ್ತೆ.

ಹಚ್ಚೋ ಸಮಯ: ಸ್ನಾನವಾಗಿ ಎರಡು ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿ ಇರುವಾಗ. ಆಗ ಎಳೆಯೋಕೆ ನೀರು ಅಲ್ಲೇ ಇರುತ್ತೆ. ಎಸಿಯಲ್ಲಿ ಕೂರೋ ಜಿಡ್ಡು ಮುಖದವರು ಬೆಳಿಗ್ಗೆ ಜೆಲ್ ಹಚ್ಚಿದ್ದರೆ, ಮಧ್ಯಾಹ್ನ ಊಟದ ನಂತರ ಬರೀ ನೀರಿನಲ್ಲಿ ಮುಖ ತೊಳೆದು, ಹಸಿ ಇರುವಾಗಲೇ ಮತ್ತೆ ಸ್ವಲ್ಪ ಹಚ್ಚಿ. ಫೇಸ್‌ವಾಶ್ ಬೇಡ.

ಒಣಗಿದ್ದಲ್ಲ, ಹುಳುಕಡ್ಡಿ

ಮಳೆಗಾಲದಲ್ಲಿ ತೊಡೆಸಂದಿ, ಸೊಂಟ, ಕೆಲವೊಮ್ಮೆ ಕೆನ್ನೆಯ ಮೇಲೆ ಒಣ ಪುಡಿಯಂಥ ತೇಪೆ ಕಾಣುತ್ತೆ. ಡ್ರೈ ಸ್ಕಿನ್ ಅಂದುಕೊಂಡು ಮಾಯಿಶ್ಚರೈಸರ್ ಹಚ್ತಾರೆ. ಅಂಚು ಕೆಂಪಗೆ ಉಬ್ಬಿ, ಉಂಗುರದ ಹಾಗೆ ಹರಡ್ತಾ, ತುರೀತಾ ಇದ್ದರೆ ಅದು ಹುಳುಕಡ್ಡಿ ಇರಬಹುದು, ಶಿಲೀಂಧ್ರ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೆರಾಯ್ಡ್ ಬೆರೆಸಿದ ಮುಲಾಮು ಕೈಗೆ ಬರುತ್ತೆ. ಎರಡು ದಿನಕ್ಕೆ ತುರಿಕೆ ಮಾಯ, ಎರಡು ವಾರಕ್ಕೆ ಎರಡು ಪಟ್ಟು ವಾಪಸ್. ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್: ಈ ಹೆಸರು ಟ್ಯೂಬಿನ ಮೇಲಿದ್ದರೆ ಅದು ಮಾಯಿಶ್ಚರೈಸರ್ ಅಲ್ಲ, ಫೇರ್‌ನೆಸ್ ಕ್ರೀಮೂ ಅಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನ ವೈದ್ಯರ ಚೀಟಿ ಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣೋಕೆ ಶುರುವಾಗಿ, ಬಿಟ್ಟ ತಕ್ಷಣ ಉರಿ ಏಳುತ್ತೆ. ಈಗಾಗಲೇ ತುಂಬ ದಿನದಿಂದ ಹಚ್ತಿದ್ದರೆ ಒಮ್ಮೆಗೇ ನಿಲ್ಲಿಸದೆ ಚರ್ಮವೈದ್ಯರನ್ನ ಕಾಣಿ. ಖಾಸಗಿ ಫೀಸು ಭಾರವಾದರೆ ಸಾಯನ್, ಕೆಇಎಂ, ನಾಯರ್ ಆಸ್ಪತ್ರೆಗಳಲ್ಲಿ ಚರ್ಮರೋಗದ ಒಪಿಡಿ ಇದೆ. ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಅಷ್ಟೇ.

ಊರಿಗೆ ಹೊರಟಾಗ

ಜನವರಿ, ಫೆಬ್ರವರಿಯಲ್ಲಿ ಸಮುದ್ರದ ಬದಲು ನೆಲದ ಕಡೆಯಿಂದ ಗಾಳಿ ಬೀಸೋ ದಿನಗಳಲ್ಲಿ ಮುಂಬಯಿ ರಸ್ತೆಯೂ ಒಣಗುತ್ತೆ. ಆಗ ಜಿಡ್ಡು ಮುಖದವರಿಗೂ ರಾತ್ರಿ ಜೆಲ್ ಬದಲು ಲೋಷನ್ ಬೇಕಾಗಬಹುದು. ಸಂಕ್ರಾಂತಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿ, ರಾಯಚೂರು ಕಡೆ ಹೊರಟವರಿಗೆ ಎಸಿ ಕೋಚಿನಲ್ಲಿ ಹಗಲಿಡೀ ಒಣಗಾಳಿ, ಇಳಿದ ಮೇಲೂ ಒಣಗಾಳಿ. ಮುಂಬಯಿಯ ಜೆಲ್ ಅಲ್ಲಿ ಎರಡನೇ ದಿನಕ್ಕೆ ಕೈಕೊಡುತ್ತೆ. ಹೊಸ ಕ್ರೀಮ್ ಕೊಳ್ಳಬೇಕಾಗಿಲ್ಲ. ಅದೇ ಜೆಲ್ ಹಸಿ ಮುಖಕ್ಕೆ ಹಚ್ಚಿ, ಮೇಲೆ ಬಟಾಣಿ ಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನ ಅಂಗೈಯಲ್ಲಿ ಉಜ್ಜಿ ಕೆನ್ನೆಗೆ ಒತ್ತಿ. ಹಣೆ, ಮೂಗು ಬಿಟ್ಟುಬಿಡಿ. ಹತ್ತು ಗ್ರಾಮಿನ ಡಬ್ಬಿ ಒಂದು ವಾರದ ರಜಕ್ಕೆ ಧಾರಾಳ, ಮಿಕ್ಕದ್ದು ಅಮ್ಮನ ಹಿಮ್ಮಡಿಗೆ ಬಿಟ್ಟು ಬನ್ನಿ.